ತೂಕಡಿಸುವ ವಿದ್ಯಾರ್ಥಿಯೂ ಅವನ ಉಸಿರೂ

ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಯನ್ನು ಕಂಡರೆ ಉಪಾಧ್ಯಾಯನಿಗೆ ಕೋಪ ಬರುವುದು ಸಹಜ. ಹಳಗನ್ನಡ ಪದ್ಯವೊಂದನ್ನು ಅನ್ವಯಿಸಿ, ಅರ್ಥ ಹೇಳಿ, ಅಲಂಕಾರಕ್ಕೆ ಬರುವ ಹೊತ್ತಿಗೆ ಅವನ ತಲೆ ಬಾಗಿರುತ್ತದೆ. ವೃತ್ತಿಗೆ ಬಂದ ಹೊಸದರಲ್ಲಿ ನಾನು ಅಂಥ ಒಬ್ಬನನ್ನು ವರ್ಷವಿಡೀ ನಿಲ್ಲಿಸಿಯೇ ಪಾಠ ಹೇಳಿದೆ. ಅವನು ಸದಾ ಬಾಯಿ ತೆರೆದುಕೊಂಡೇ ಇರುತ್ತಿದ್ದ. ಇಂದು ಹೇಳಿದ್ದನ್ನು ನಾಳೆಗೆ ಮರೆಯುತ್ತಿದ್ದ. 'ಮಂದಮತಿ' ಎಂದು ಕರೆದವನೂ ನಾನೇ. ವಿದ್ಯಾರ್ಥಿನಿಲಯದ ಹುಡುಗರು ಅವನ ಗೊರಕೆಯನ್ನು ಅಣಕಿಸಿ ನಗುತ್ತಿದ್ದುದು ಕಿವಿಗೆ ಬಿದ್ದಿದ್ದರೂ ಗೊರಕೆಗೂ ಮರೆವಿಗೂ ನಂಟಿರಬಹುದೆಂದು ಹೊಳೆಯಲಿಲ್ಲ. ಅವನು ಓದು ಬಿಟ್ಟ. ಅವನಿಗಿದ್ದುದು ಮುಂದೆ ಹೇಳಲಿರುವ ವ್ಯಾಧಿಯೇ ಎಂದು ಇಂದು ನಿರ್ಧರಿಸಲಾರೆ. ವಿಚಾರಿಸದೆ ದಂಡಿಸಿದೆನೆಂದು ಮಾತ್ರ ಹೇಳಬಲ್ಲೆ.

ಗೊರಕೆ ಗಾಢನಿದ್ರೆಯ ಕುರುಹೆಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಕುಂಭಕರ್ಣನ ಕಥೆ ಅದಕ್ಕೆ ನೀರೆರೆದಿದೆ. ವಾಸ್ತವ ಎಷ್ಟೋ ಸಲ ಇದಕ್ಕೆ ವಿಪರೀತ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಆ ದಾರಿ ಮೊದಲೇ ಇಕ್ಕಟ್ಟಾಗಿದ್ದರೆ ಉಸಿರು ಸದ್ದುಮಾಡುತ್ತ ನುಸುಳುತ್ತದೆ. ಕೆಲವೊಮ್ಮೆ ಪೂರ್ತಿ ನಿಂತುಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಬೆಚ್ಚಿ ದೇಹವನ್ನು ಅರೆಕ್ಷಣ ಎಚ್ಚರಿಸುತ್ತದೆ. ಉಸಿರು ಮರಳುತ್ತದೆ, ಮತ್ತೆ ಕಟ್ಟುತ್ತದೆ. ರಾತ್ರಿಯಲ್ಲಿ ಹತ್ತಾರು ಸಲ ಹೀಗಾದರೂ ಮಲಗಿದವನಿಗೆ ಅದರ ನೆನಪೇ ಇರದು. ವೈದ್ಯರು ಇದನ್ನು ಸ್ಲೀಪ್ ಆಪ್ನಿಯ ಎನ್ನುತ್ತಾರೆ. ನಾವು ನಿದ್ರಾಶ್ವಾಸರೋಧ ಎನ್ನಬಹುದು. ಹೆಸರು ಹೊಸದಾದರೂ ಸಂಗತಿ ನಮ್ಮ ಹಿರಿಯರಿಗೆ ತೀರ ಅಪರಿಚಿತವಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲನಿಗೆ ಬರುವ ತೊಂದರೆಗಳನ್ನು ಎಣಿಸುವಾಗ ಅತಿನಿದ್ರೆಯ ಜೊತೆಗೆ 'ಕ್ರಥನ' ಎಂಬ ಪದ ಬಂದಿದೆ. ಉಸಿರು ಥಟ್ಟನೆ ಕಟ್ಟುವುದು ಎಂದು ಅದರ ಅರ್ಥ. ಕೋಶಗಳಲ್ಲಿ ಈ ಪದದ ಮತ್ತೊಂದು ಅರ್ಥ ವಧೆ ಎಂದಿರುವುದನ್ನು ಕಂಡು ಬೆರಗಾದೆ.

ಸ್ಥೂಲಕಾಯದ ವಯಸ್ಕರಲ್ಲಿ ಈ ವ್ಯಾಧಿ ಹೆಚ್ಚು. ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸುವ ಯಂತ್ರವನ್ನು ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್ ಅವರು 1981ರಲ್ಲಿ ಬಳಕೆಗೆ ತಂದ ಮೇಲೆ ಅವರಿಗೆ ಉಪಾಯ ದೊರೆಯಿತು. ನಮಗೆ ಮುಖ್ಯವಾದುದು ಮಕ್ಕಳ ವಿಷಯ. ಅವರಲ್ಲಿ ಸಾಮಾನ್ಯ ಕಾರಣ ದೇಹದ ದಪ್ಪವಲ್ಲ, ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳ ಊತ. ಬಡಕಲು ಹುಡುಗನಿಗೂ ಇದು ಬರಬಹುದು. ಇಂಥ ಮಗು ಯಾವಾಗಲೂ ತೂಕಡಿಸುವುದೂ ಇಲ್ಲ. ಕೂತಲ್ಲಿ ಕೂರದೆ ಚಡಪಡಿಸುತ್ತದೆ, ಸಿಡುಕುತ್ತದೆ. ನಾವು ಅದಕ್ಕೆ ತುಂಟತನವೆಂದು ಹೆಸರಿಡುತ್ತೇವೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೆ ಅಖಂಡ ನಿದ್ರೆ ಬೇಕು. ಅದೇ ಚೂರುಚೂರಾದರೆ ಕಂಠಪಾಠ ನಿಲ್ಲುವುದೆಂತು?

ಅಮೆರಿಕದ ಡೇವಿಡ್ ಗೊಜಾಲ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಉಪಾಧ್ಯಾಯರೆಲ್ಲ ಅರಿಯಬೇಕು. ಒಂದನೆಯ ತರಗತಿಯಲ್ಲಿ ತೀರ ಹಿಂದುಳಿದ 297 ಮಕ್ಕಳನ್ನು ಪರೀಕ್ಷಿಸಲಾಗಿ 54 ಮಕ್ಕಳಲ್ಲಿ ನಿದ್ರೆಯ ಕಾಲದ ಉಸಿರಾಟದ ದೋಷ ಕಂಡಿತು. ಅವರಲ್ಲಿ 24 ಮಕ್ಕಳ ಗ್ರಂಥಿಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿದರು. ಮರುವರ್ಷ ಆ ಮಕ್ಕಳ ಸರಾಸರಿ ದರ್ಜೆ 2.43ರಿಂದ 2.87ಕ್ಕೇರಿತು, ಚಿಕಿತ್ಸೆ ಬೇಡವೆಂದವರ ದರ್ಜೆಯಲ್ಲಿ ಹೇಳಿಕೊಳ್ಳುವ ಬದಲಾವಣೆಯಾಗಲಿಲ್ಲ. ಆದರೆ ಅತ್ಯಾಸೆ ಸಲ್ಲದು. 2013ರಲ್ಲಿ ಪ್ರಕಟವಾದ, 464 ಮಕ್ಕಳ ಮೇಲಿನ ಇನ್ನೊಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಿಂದ ಉಸಿರಾಟವೂ ನಡವಳಿಕೆಯೂ ಸುಧಾರಿಸಿದವು. ಏಳು ತಿಂಗಳ ಬಳಿಕ ನಡೆದ ಅವಧಾನದ ಪರೀಕ್ಷೆಯಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಗ್ರಂಥಿ ತೆಗೆಸಿದ ಮಾತ್ರಕ್ಕೆ ಹುಡುಗ ಪಾಣಿನಿಯಾಗುವುದಿಲ್ಲ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ನಿದ್ರೆಯ ಸಂಶೋಧನೆ ನಡೆದಿದೆ. ಧ್ಯಾನಾಭ್ಯಾಸಿಗಳಲ್ಲಿ ವಯಸ್ಸಾದಂತೆ ಗಾಢನಿದ್ರೆ ಕುಗ್ಗುವುದು ಕಡಿಮೆಯೆಂದು ಅಲ್ಲಿನ ವಿದ್ವಾಂಸರು 2006ರಲ್ಲಿ ತೋರಿಸಿದರು. ಮಠದ ಪರಿಸರದಲ್ಲಿ ಬೆಳೆದ ನಮಗೆ ಇದು ಸಂತೋಷದ ವಾರ್ತೆ. ಆದರೂ ಟಾನ್ಸಿಲ್ ಊದಿ ಗಂಟಲು ಕಟ್ಟಿದ ಹುಡುಗನನ್ನು ಧ್ಯಾನಕ್ಕೆ ಕೂರಿಸಿ ಸುಮ್ಮನಾಗುವುದು ಅವಿವೇಕ. ಅವನು ಹೋಗಬೇಕಾದುದು ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ.

ಪುರವರ ಹೋಬಳಿಯಂಥ ಕಡೆ ಹಳ್ಳಿಯ ಮಕ್ಕಳನ್ನು ನಿಲಯದಲ್ಲಿಟ್ಟು ಓದಿಸುವ ನಮಗೆ, ಹಗಲು ಮಾತ್ರ ಮಕ್ಕಳನ್ನು ಕಾಣುವ ಶಾಲೆಗಳಿಗಿಲ್ಲದ ಅನುಕೂಲವೊಂದಿದೆ: ನಮ್ಮ ಮಕ್ಕಳು ಮಲಗಿರುವುದನ್ನು ನಾವು ನೋಡಬಲ್ಲೆವು. ನಿಲಯಪಾಲಕರು ಊಟವಾಗಿ ಎರಡು ತಾಸಿನ ಮೇಲೆ ಒಂದು ಸುತ್ತು ಬಂದರೆ ಸಾಕು. ಯಾರು ನಿತ್ಯ ಗೊರಕೆ ಹೊಡೆಯುತ್ತಾರೆ, ಯಾರ ಉಸಿರು ನಡುವೆ ನಿಂತು ಏದುಸಿರಾಗಿ ಮರಳುತ್ತದೆ, ಯಾರು ಕತ್ತು ಹಿಂದಕ್ಕೆ ಚಾಚಿ ಬಾಯಿ ತೆರೆದು ಮಲಗಿ ಬೆವರುತ್ತಾರೆ, ದೊಡ್ಡವನಾದರೂ ಯಾರು ಹಾಸಿಗೆ ಒದ್ದೆಮಾಡುತ್ತಾರೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ನೆಗಡಿಯಾದ ನಾಲ್ಕು ದಿನದ ಗೊರಕೆಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಪ್ರವೇಶಪತ್ರದಲ್ಲಿಯೂ ಈ ಬಗ್ಗೆ ತಾಯಿಯನ್ನು ಕೇಳುವ ಒಂದು ಪ್ರಶ್ನೆ ಇರಲಿ. ಆ ಪುಸ್ತಕವನ್ನು ಹಿಡಿದು ಹುಡುಗನನ್ನು ವೈದ್ಯರ ಬಳಿ ಕರೆದೊಯ್ಯುವುದು ಉಪಾಧ್ಯಾಯರ ಪಾಲಿನ ಕೆಲಸ. ಹೋಗಿಬರುವ ಮತ್ತು ಪರೀಕ್ಷೆಯ ವೆಚ್ಚಕ್ಕೆಂದು ಪ್ರತ್ಯೇಕ ನಿಧಿಯೊಂದನ್ನು ತೆಗೆದಿರಿಸುವ ವಿಚಾರವನ್ನು ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುತ್ತಿದ್ದೇನೆ.