ಮುಟ್ಟು ನಿಲ್ಲುವ ಕಾಲ: ಹಾರ್ಮೋನ್ ಚಿಕಿತ್ಸೆ ಯಾರಿಗೆ ಬೇಕು, ಯಾರಿಗೆ ಬೇಡ?



ಉಳಿತಾಯ, ಸಾಲ, ಬಡ್ಡಿಯ ವಿಷಯ ಬಂದರೆ ನಮ್ಮ ಸಂಘಗಳಲ್ಲಿ ಎಲ್ಲರೂ ಮಾತಾಡುತ್ತಾರೆ. ಮುಟ್ಟು ನಿಲ್ಲುವ ವಿಷಯ ಬಂದರೆ ಮಾತ್ರ ಧ್ವನಿ ತಗ್ಗುತ್ತದೆ. ಸಭೆ ಮುಗಿದು ಚಪ್ಪಲಿ ಹಾಕುವಾಗ ಯಾರಾದರೂ ಮೆಲ್ಲಗೆ ಕೇಳುತ್ತಾರೆ: "ಸಿಸ್ಟರ್, ರಾತ್ರಿ ಮೈಯೆಲ್ಲ ಬೆಂಕಿ ಹಾಕ್ದಂಗ್ ಆತ್. ಇದೆಂತ ಕಾಯ್ಲೆ?" ಇದು ಕಾಯಿಲೆ ಅಲ್ಲ. ಆದರೆ ಈ ಸಮಯದಲ್ಲಿ ನಾವು ತೆಗೆದುಕೊಳ್ಳುವ ತೀರ್ಮಾನಗಳು ಮುಂದಿನ 30 ವರ್ಷಗಳ ಆರೋಗ್ಯಕ್ಕೆ ಸಂಬಂಧಪಟ್ಟವು. ಆದ್ದರಿಂದ ಈ ತಿಂಗಳ ಸಭೆಯಲ್ಲಿ ಈ ಪಾಠವನ್ನು ಗಟ್ಟಿಯಾಗಿ ಓದಿ ಚರ್ಚಿಸಿ.

ದೇಹದಲ್ಲಿ ಆಗುವುದೇನು?

ನಮ್ಮ ಗರ್ಭಕೋಶದ ಎರಡೂ ಬದಿ ಬಾದಾಮಿ ಗಾತ್ರದ ಎರಡು ಅಂಡಾಶಯಗಳಿವೆ. ಇವು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಮುಟ್ಟು ತರುವುದಷ್ಟೇ ಇದರ ಕೆಲಸವಲ್ಲ. ಎಲುಬು, ರಕ್ತನಾಳ, ಚರ್ಮ, ಮೂತ್ರಕೋಶ, ನಿದ್ರೆ ಎಲ್ಲದಕ್ಕೂ ಇದು ಬೇಕು. ವಯಸ್ಸಾದಂತೆ ಈಸ್ಟ್ರೋಜನ್ ಕಡಿಮೆಯಾಗುತ್ತದೆ. 12 ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಋತುಬಂಧ ಆಯಿತೆಂದು ತಿಳಿಯಬೇಕು. ಭಾರತದಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 51.

ಮೈ ಬಿಸಿಯೇರಿ ಬೆವರುವುದು, ನಿದ್ರೆ ಬಾರದಿರುವುದು, ಸುಮ್ಮನೆ ಸಿಟ್ಟು ಬರುವುದು, ಒಳಗೆ ಒಣಗಿ ಉರಿಯುವುದು, ಮೂತ್ರ ತಡೆಯಲಾಗದಿರುವುದು ಇವೆಲ್ಲ ಸಾಮಾನ್ಯ. ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಗೇರುಬೀಜ ಕಾರ್ಖಾನೆಯ ಬಿಸಿಯಲ್ಲಿ ಕೂತು ಕೆಲಸ ಮಾಡುವುದೇ ಕಷ್ಟವಾಗುತ್ತದೆ. ಅಂಥವರು "ಎಲ್ಲಾ ಹೆಂಗಸರಿಗೂ ಇದ್ದದ್ದೇ" ಎಂದು ಸಹಿಸಿಕೊಂಡು ಕೂರಬೇಕಾಗಿಲ್ಲ.

ಹಾರ್ಮೋನ್ ಚಿಕಿತ್ಸೆ ಎಂದರೇನು?

ಕಡಿಮೆಯಾದ ಈಸ್ಟ್ರೋಜನನ್ನು ಮಾತ್ರೆ, ಮೈಗೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪಟ್ಟಿಯ ರೂಪದಲ್ಲಿ ಕೊಡುವುದೇ ಈ ಚಿಕಿತ್ಸೆ. ಮೈ ಬಿಸಿಯೇರಿ ಬೆವರುವುದಕ್ಕೆ ಇದಕ್ಕಿಂತ ಪರಿಣಾಮಕಾರಿ ಔಷಧ ಇನ್ನೊಂದಿಲ್ಲ. ಎಲುಬು ಸವೆಯುವುದನ್ನೂ ಇದು ತಡೆಯುತ್ತದೆ.

ಒಂದು ಮಾತು ಚೆನ್ನಾಗಿ ನೆನಪಿಡಿ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಅವರಿಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನೂ ಜೊತೆಗೆ ಕೊಡುತ್ತಾರೆ. ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಮಾತ್ರ ಸಾಕು. ಹಾಗಾಗಿ ನೆರೆಮನೆಯಿಂದ ತೆಂಗಿನಕಾಯಿ ಎರವಲು ತಂದ ಹಾಗೆ ಮಾತ್ರೆ ಎರವಲು ತರಬೇಡಿ. ಅವಳಿಗೆ ಒಳ್ಳೆಯದಾದ ಮಾತ್ರೆ ನಿಮಗೆ ಅಪಾಯ ತರಬಹುದು.

2002ರ ಹೆದರಿಕೆ

"ಹಾರ್ಮೋನ್ ತೆಕೊಂಡ್ರೆ ಕ್ಯಾನ್ಸರ್ ಬತ್ತ್" ಎಂಬ ಮಾತು ಎಲ್ಲಿಂದ ಬಂತು? ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನವೊಂದನ್ನು 2002ರ ಜುಲೈಯಲ್ಲಿ ಅರ್ಧಕ್ಕೆ ನಿಲ್ಲಿಸಲಾಯಿತು. ಎರಡೂ ಹಾರ್ಮೋನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್, ಹೃದಯದ ತೊಂದರೆ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಕಂಡಿತ್ತು. ಜಗತ್ತಿನ ಎಲ್ಲೆಡೆ ಮಹಿಳೆಯರೂ ಡಾಕ್ಟರರೂ ಹೆದರಿದರು.

ನಾವು ಸಂಘದ ಲೆಕ್ಕ ನೋಡುವ ಹಾಗೆ ಈ ಲೆಕ್ಕವನ್ನೂ ನೋಡೋಣ. ಹಾರ್ಮೋನ್ ತೆಗೆದುಕೊಳ್ಳದ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ತೆಗೆದುಕೊಂಡ 10,000 ಮಂದಿಯಲ್ಲಿ 38 ಮಂದಿಗೆ ಬಂತು. ಹೆಚ್ಚಳ ಇರುವುದು ನಿಜ, ಆದರೆ ಅದು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ಅದೇ ಅಧ್ಯಯನದಲ್ಲಿ ಸೊಂಟದ ಎಲುಬು ಮುರಿಯುವುದು ಕಡಿಮೆಯಾಗಿತ್ತು. ಇನ್ನೊಂದು ಸಂಗತಿಯೆಂದರೆ, ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅಂದರೆ ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತಾರು ವರ್ಷ ಕಳೆದಿತ್ತು. 60 ವರ್ಷದ ಒಳಗೆ, ಮುಟ್ಟು ನಿಂತ 10 ವರ್ಷಗಳ ಒಳಗೆ ಆರಂಭಿಸಿದ ಆರೋಗ್ಯವಂತರಿಗೆ ಲಾಭವೇ ಹೆಚ್ಚು ಎಂದು ಈಗ ತಜ್ಞರು ಹೇಳುತ್ತಾರೆ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಔಷಧಗಳ ಮೇಲಿನ ಕಡು ಎಚ್ಚರಿಕೆಯ ಹೆಚ್ಚಿನ ಭಾಗವನ್ನು ತೆಗೆಯುವುದಾಗಿ ಘೋಷಿಸಿತು.

ಹಾಗೆಂದು ಎಲ್ಲರೂ ತೆಗೆದುಕೊಳ್ಳಬೇಕೆಂದಲ್ಲ. ಕೆಳಗಿನವರಿಗೆ ಇದು ಸಾಮಾನ್ಯವಾಗಿ ಬೇಡ:

• ಸ್ತನ ಕ್ಯಾನ್ಸರ್ ಆದವರು
• ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು
• ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು
• ಪಿತ್ತಜನಕಾಂಗದ ಕಾಯಿಲೆ ಇರುವವರು
• ಕಾರಣ ತಿಳಿಯದ ರಕ್ತಸ್ರಾವ ಇರುವವರು

ಒಣಗಿ ಉರಿಯುವ ತೊಂದರೆ ಮಾತ್ರ ಇದ್ದರೆ ಅದೇ ಜಾಗಕ್ಕೆ ಹಚ್ಚುವ ಕ್ರೀಮು ಇದೆ. ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮುಟ್ಟು ಪೂರ್ತಿ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೆಪಡದೆ ಡಾಕ್ಟರಲ್ಲಿಗೆ ಹೋಗಿ.

ಗರ್ಭಕೋಶ ತೆಗೆಸುವ ಮೊದಲು

"ಮಕ್ಕಳ್ ಆಯ್ತಲ್ಲ, ಇನ್ನ್ ಕೋಶ ಇದ್ದ್ ಎಂತಕ್ಕೆ?" ಎಂದು ನಾವೇ ಒಬ್ಬರಿಗೊಬ್ಬರು ಹೇಳುತ್ತೇವೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ 100 ಮಹಿಳೆಯರಲ್ಲಿ ಸುಮಾರು 3 ಮಂದಿ ಗರ್ಭಕೋಶ ತೆಗೆಸಿದ್ದರು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ಆದವು. ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಅನಗತ್ಯವಾಗಿ ಈ ಆಪರೇಷನ್ ಮಾಡಿದ ವಿಷಯ 2015ರಲ್ಲಿ ದೊಡ್ಡ ಸುದ್ದಿಯಾಗಿ ಮಹಿಳೆಯರು ಬೀದಿಗಿಳಿದರು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು.

ಕ್ಯಾನ್ಸರ್, ದೊಡ್ಡ ಗೆಡ್ಡೆ, ಔಷಧಕ್ಕೆ ನಿಲ್ಲದ ರಕ್ತಸ್ರಾವ ಇದ್ದಾಗ ಆಪರೇಷನ್ ಜೀವ ಉಳಿಸುತ್ತದೆ. ಬಿಳಿ ಹೋಗುವುದು, ಸೊಂಟ ನೋವು ಇವುಗಳಿಗೆಲ್ಲ ಅದು ಬೇಡ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ 38 ವರ್ಷದವಳಿಗೂ ಮರುದಿನವೇ ಋತುಬಂಧ. ಎಲುಬು ಸವೆಯುವುದು, ಹೃದಯದ ಕಾಯಿಲೆ ಬೇಗ ಬರುತ್ತವೆ. 45ರ ಒಳಗೆ ಹೀಗಾದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಹಾರ್ಮೋನ್ ಕೊಡುವುದು ಸರಿಯಾದ ಕ್ರಮ. ಆದರೆ ಅನೇಕರಿಗೆ ತಮ್ಮ ಅಂಡಾಶಯ ಇದೆಯೋ ಇಲ್ಲವೋ ಎಂದೇ ಗೊತ್ತಿಲ್ಲ. ಮನೆಯಲ್ಲಿರುವ ಬಿಡುಗಡೆ ಚೀಟಿ ಹುಡುಕಿ, ಓದಬಲ್ಲವರಲ್ಲಿ ಓದಿಸಿ.

ಆಪರೇಷನ್ ಎಂದಾಗ ಈ ನಾಲ್ಕು ಪ್ರಶ್ನೆ ಕೇಳಿ:

1. ನನಗಿರುವ ಕಾಯಿಲೆಯ ಹೆಸರೇನು?
2. ಔಷಧದಿಂದ ಗುಣವಾಗುವುದಿಲ್ಲವೇ?
3. ಅಂಡಾಶಯ ಉಳಿಸುತ್ತೀರಾ?
4. ತೆಗೆದರೆ ಮುಂದೆ ಹಾರ್ಮೋನ್ ಕೊಡುತ್ತೀರಾ?

ತುರ್ತು ಇಲ್ಲದಿದ್ದರೆ ಕುಂದಾಪುರದ ಸರಕಾರಿ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯಿರಿ.

ಎಲುಬು ಮತ್ತು ಹೃದಯದ ಉಳಿತಾಯ

ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಎಲುಬು ಬೇಗ ಸವೆಯುತ್ತದೆ. ದಿನವಿಡೀ ಮನೆಯೊಳಗೆ ಕೂತು ಬೀಡಿ ಕಟ್ಟುವವರಿಗೆ ಬಿಸಿಲೂ ಇಲ್ಲ, ನಡಿಗೆಯೂ ಇಲ್ಲ. ದಿನಕ್ಕೆ ಅರ್ಧ ಗಂಟೆ ಬಿಸಿಲಲ್ಲಿ ಚುರುಕಾಗಿ ನಡೆಯಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಕುಚ್ಚಲಕ್ಕಿ ಗಂಜಿಯಲ್ಲಿ ಅದು ತೀರಾ ಕಡಿಮೆ. ವಾರಕ್ಕೆ ಮೂರು ದಿನವಾದರೂ ರಾಗಿ, ಹಿತ್ತಿಲಿನ ನುಗ್ಗೆಸೊಪ್ಪು, ಮುಳ್ಳು ಸಹಿತ ತಿನ್ನಬಹುದಾದ ಸಣ್ಣ ಮೀನು ಊಟದಲ್ಲಿರಲಿ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಬಿಡಿ. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಸಕ್ಕರೆ, ಸ್ತನ ಮತ್ತು ಗರ್ಭಕಂಠದ ತಪಾಸಣೆ ಉಚಿತ. ನಿಮ್ಮ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಚರ್ಚೆಗೆ

1. ನಮ್ಮ ಸಂಘದಲ್ಲಿ ಗರ್ಭಕೋಶ ತೆಗೆಸಿದವರು ಎಷ್ಟು ಮಂದಿ? ಆಗ ಅವರ ವಯಸ್ಸೆಷ್ಟು? (ಹೇಳಲು ಮನಸ್ಸಿದ್ದವರು ಮಾತ್ರ ಹೇಳಲಿ.)
2. ಅವರಲ್ಲಿ ಎಷ್ಟು ಮಂದಿ ಆ ಬಳಿಕ ಡಾಕ್ಟರರನ್ನು ಕಂಡಿದ್ದಾರೆ?
3. ಗರ್ಭಕೋಶದ ಆಪರೇಷನ್ನಿಗೆ ಸಾಲದ ಅರ್ಜಿ ಬಂದಾಗ ನಾವು ಏನು ಮಾಡುತ್ತೇವೆ?

ಮೂರನೆಯ ಪ್ರಶ್ನೆಗೆ ನಮ್ಮ ಸಲಹೆ: ಸಾಲ ನಿರಾಕರಿಸಬೇಡಿ. ತುರ್ತು ಇಲ್ಲದಿದ್ದರೆ ಎರಡನೇ ಡಾಕ್ಟರರ ಬಳಿ ಹೋಗಲು ಬಸ್ಸಿನ ಖರ್ಚು ಮೊದಲು ಕೊಡಿ, ಜೊತೆಗೆ ಒಬ್ಬ ಸದಸ್ಯೆ ಹೋಗಲಿ. ಒಪ್ಪಿಗೆಯಾದರೆ ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.