ಸಸ್ಯಜನ್ಯ ಇಂಧನಗಳು: ರೈತನಿಗೆ ಲಾಭವೆಷ್ಟು, ತೊಡಕೆಷ್ಟು?

ಸೀಮೆಎಣ್ಣೆ ಬರುವ ಮೊದಲು ಕರ್ನಾಟಕದ ಹಳ್ಳಿಗಳಲ್ಲಿ ದೀಪ ಉರಿಯುತ್ತಿದ್ದುದು ಹೊಂಗೆ, ಹರಳು, ಹಿಪ್ಪೆ ಮುಂತಾದ ಎಣ್ಣೆಗಳಿಂದ. 1900ರಲ್ಲಿ ಪ್ಯಾರಿಸ್ ನಗರದ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ಹೀಗಾಗಿ ಗಿಡಮರಗಳಿಂದ ಇಂಧನ ಪಡೆಯುವುದು ಹೊಸ ವಿಷಯವಲ್ಲ. ಆದರೆ ಇಂಧನಕ್ಕಾಗಿ ಬೆಳೆ ಬೆಳೆಯಬೇಕೇ, ಬೆಳೆಯುವುದಾದರೆ ಯಾವ ಜಮೀನಿನಲ್ಲಿ ಎಂಬುದನ್ನು ರೈತ ಬಾಂಧವರು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು.

ಎರಡು ಬಗೆಯ ಇಂಧನ

ಮೊದಲನೆಯದು ಎಥನಾಲ್ ಎಂಬ ಮದ್ಯಸಾರ. ಕಬ್ಬಿನ ಹಾಲು, ಕಾಕಂಬಿ, ಮುಸುಕಿನ ಜೋಳ, ನುಚ್ಚಕ್ಕಿ ಮುಂತಾದವುಗಳನ್ನು ಹುಳಿಯಿಸಿ, ಭಟ್ಟಿ ಇಳಿಸಿ ಇದನ್ನು ಪಡೆದು ಪೆಟ್ರೋಲಿಗೆ ಬೆರೆಸುತ್ತಾರೆ. ಭಾರತದಲ್ಲಿ ಈ ಬೆರಕೆಯ ಪ್ರಮಾಣ 2025ರಲ್ಲಿ ಶೇಕಡಾ 20ನ್ನು ಮುಟ್ಟಿತು. ಎರಡನೆಯದು ಜೈವಿಕ ಡೀಸೆಲ್. ಹೊಂಗೆಯಂತಹ ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಸೇರಿಸಿ ಬಿಸಿ ಮಾಡಿದಾಗ ಗ್ಲಿಸರಿನ್ ತಳಕ್ಕಿಳಿದು ತೆಳುವಾದ ಇಂಧನ ಮೇಲೆ ನಿಲ್ಲುತ್ತದೆ.

ಲಾಭಗಳು

ಈ ಇಂಧನಗಳು ಉರಿದಾಗ ಹೊರಬರುವ ಇಂಗಾಲ ಸಸ್ಯಗಳೇ ಗಾಳಿಯಿಂದ ಹೀರಿಕೊಂಡದ್ದು. ಇವುಗಳಲ್ಲಿ ಗಂಧಕದ ಅಂಶ ಬಹಳ ಕಡಿಮೆ. ಹೊರದೇಶದ ಕಚ್ಚಾತೈಲಕ್ಕೆ ತೆರುವ ಹಣವೂ ಅಷ್ಟರಮಟ್ಟಿಗೆ ಉಳಿಯುತ್ತದೆ.

ಹೊಂಗೆಯಲ್ಲಿ ರೈತನಿಗೆ ಇನ್ನೊಂದು ಅನುಕೂಲವಿದೆ. ಬದುವಿನ ಮೇಲೆ 50 ಮರಗಳಿದ್ದು, ಮರಕ್ಕೆ 10 ಕಿ.ಗ್ರಾಂ. ಬೀಜ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಒಟ್ಟು 500 ಕಿ.ಗ್ರಾಂ. ಬೀಜವಾಯಿತು. ಗಾಣದಲ್ಲಿ ಶೇಕಡಾ 25ರಷ್ಟು ಎಣ್ಣೆ ಇಳಿದರೆ 125 ಕಿ.ಗ್ರಾಂ., ಅಂದರೆ ಸುಮಾರು 134 ಲೀಟರ್ ಎಣ್ಣೆ ದೊರೆಯುತ್ತದೆ. ಜೊತೆಗೆ ಸುಮಾರು 360 ಕಿ.ಗ್ರಾಂ. ಹಿಂಡಿ ಉಳಿಯುತ್ತದೆ. ಹೊಂಗೆ ಹಿಂಡಿಯಲ್ಲಿ ಶೇಕಡಾ 4ರಷ್ಟು ಸಾರಜನಕವಿರುವುದರಿಂದ ಇದು ಸುಮಾರು 30 ಕಿ.ಗ್ರಾಂ. ಯೂರಿಯಾದಲ್ಲಿರುವಷ್ಟು ಸಾರಜನಕಕ್ಕೆ ಸಮ. ಎಣ್ಣೆ ಮಾರಿದರೂ ಹಿಂಡಿ ಹೊಲಕ್ಕೇ ಸೇರಬೇಕು. ಬೀಜವನ್ನೇ ಮಾರಿಬಿಟ್ಟರೆ ಗೊಬ್ಬರವೂ ಊರು ಬಿಟ್ಟು ಹೋದಂತೆ.

ತೊಡಕುಗಳು

ಕಬ್ಬಿನ ಲೆಕ್ಕ ಬೇರೆಯದು. ಎಕರೆಗೆ 40 ಟನ್ ಇಳುವರಿ ಬಂದು, ಟನ್ನಿಗೆ 70 ಲೀಟರ್ ಎಥನಾಲ್ ಇಳಿದರೆ 2,800 ಲೀಟರ್ ಆಗುತ್ತದೆ. ಬೆಳೆಗೆ 2,000 ಮಿ.ಮೀ. ನೀರು ಬೇಕೆಂದು ಹಿಡಿದರೆ ಎಕರೆಗೆ 80 ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ಅಂದರೆ ಒಂದು ಲೀಟರ್ ಎಥನಾಲಿನ ಹಿಂದೆ ಸುಮಾರು 2,900 ಲೀಟರ್ ನೀರಿದೆ. ಕೊಳವೆ ಬಾವಿ ನಂಬಿದ ಪ್ರದೇಶಕ್ಕೆ ಇದು ಸಣ್ಣ ಮಾತಲ್ಲ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ತಯಾರಿಸಿದಾಗ ಈ ದೋಷ ಕಡಿಮೆ, ಏಕೆಂದರೆ ಅದೇ ನೀರಿನಿಂದ ಸಕ್ಕರೆಯೂ ಬಂದಿರುತ್ತದೆ. ಆದರೆ ಕಾಕಂಬಿಯ ಭಟ್ಟಿಗಳಲ್ಲಿ ಲೀಟರ್ ಎಥನಾಲಿಗೆ 8ರಿಂದ 15 ಲೀಟರಿನಷ್ಟು ಕೊಳೆನೀರು ಉಳಿಯುತ್ತದೆ. ಶುದ್ಧಿ ಮಾಡದೆ ಬಿಟ್ಟರೆ ಹಳ್ಳ, ಬಾವಿಗಳು ಕೆಡುತ್ತವೆ.

ಎಥನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಮುಸುಕಿನ ಜೋಳ ಭಟ್ಟಿಗೆ ಹೋದರೆ ಬೆಳೆಗಾರನಿಗೆ ಬೆಲೆ ಏರಬಹುದು, ಕೋಳಿ ಸಾಕುವವನಿಗೆ ಮೇವಿನ ಖರ್ಚೂ ಏರುತ್ತದೆ. ಸರ್ಕಾರದ ನೀತಿಯೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 2023ರ ಡಿಸೆಂಬರಿನಲ್ಲಿ ಸಕ್ಕರೆ ಉತ್ಪಾದನೆ ಇಳಿಯುವ ಅಂದಾಜಿದ್ದಾಗ ಕಬ್ಬಿನ ಹಾಲಿನಿಂದ ಎಥನಾಲ್ ತೆಗೆಯುವುದನ್ನು ಕೇಂದ್ರ ಸರ್ಕಾರ ನಿರ್ಬಂಧಿಸಿ, 2024ರಲ್ಲಿ ನಿರ್ಬಂಧ ಸಡಿಲಿಸಿತು.

ಕಾಡುಹರಳಿನ ಪಾಠ

2003ರ ನಂತರ ಕಾಡುಹರಳು (ಜಟ್ರೋಪ) ದೇಶದಾದ್ಯಂತ ಪ್ರಚಾರ ಪಡೆಯಿತು. ಬರಡು ನೆಲದಲ್ಲಿ, ನೀರಿಲ್ಲದೆ ಹಣ ತರುವ ಬೆಳೆ ಎಂದು ಹೇಳಲಾಯಿತು. ಗಿಡ ಬರಡು ನೆಲದಲ್ಲಿ ಬದುಕಿತು ನಿಜ, ಆದರೆ ಹೇಳಿದಷ್ಟು ಕಾಯಿ ಬಿಡಲಿಲ್ಲ. ಒಳ್ಳೆಯ ಇಳುವರಿಗೆ ನೀರು, ಗೊಬ್ಬರ ಬೇಕಾಯಿತು. ಸುಧಾರಿತ ತಳಿ ಇರಲಿಲ್ಲ, ಕೊಳ್ಳುವವರೂ ವಿರಳ. ಹಲವೆಡೆ ರೈತರು ಗಿಡ ಕಿತ್ತು ಹಾಕಿದರು. ಬದುಕುವ ಗಿಡವೆಲ್ಲ ಫಲ ಕೊಡುವ ಗಿಡವಲ್ಲ ಎಂಬುದೇ ಇದರ ಪಾಠ.

ರೈತರು ಗಮನಿಸಬೇಕಾದ ಅಂಶಗಳು

1. ಆಹಾರ ಬೆಳೆಯುವ ಜಮೀನನ್ನು ಇಂಧನದ ಮರಗಳಿಗೆ ಬಿಡಬಾರದು. ಹೊಂಗೆ, ಬೇವು, ಹಿಪ್ಪೆಗಳನ್ನು ಬದು, ಹಳ್ಳದ ದಂಡೆ, ಬೀಳು ನೆಲಗಳಲ್ಲಿ ಬೆಳೆಸಬೇಕು.

2. ಹೊಂಗೆ ಫಲ ಕೊಡಲು ಹಲವು ವರ್ಷ ಬೇಕು. ಇಳುವರಿ ಮರದಿಂದ ಮರಕ್ಕೆ ಬಹಳ ವ್ಯತ್ಯಾಸವಾಗುವುದರಿಂದ ಚೆನ್ನಾಗಿ ಕಾಯಿ ಬಿಡುವ ಮರದಿಂದ ಕಸಿ ಮಾಡಿದ ಸಸಿ ನೆಡುವುದು ಉತ್ತಮ.

3. ಹಸಿ ಎಣ್ಣೆಯನ್ನು ಪಂಪ್‌ಸೆಟ್ಟಿಗೆ ನೇರವಾಗಿ ಹಾಕಬಾರದು. ಅದು ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲ್‌ನಲ್ಲಿ ಮಸಿ ಕಟ್ಟಿ, ಪಿಸ್ಟನ್ ರಿಂಗುಗಳು ಅಂಟಿಕೊಳ್ಳುತ್ತವೆ.

4. ಮೆಥನಾಲ್ ವಿಷ, ಬೇಗ ಬೆಂಕಿ ಹಿಡಿಯುವಂಥದು. ಮನೆಯಲ್ಲಿ ಜೈವಿಕ ಡೀಸೆಲ್ ತಯಾರಿಸಬಾರದು.

5. ಹೊಂಗೆ ಹಿಂಡಿ ಗೊಬ್ಬರಕ್ಕೆ ಮಾತ್ರ, ದನಗಳಿಗೆ ತಿನ್ನಿಸಬಾರದು.

6. ಬೀಜ ಕೊಳ್ಳುವವರು ಯಾರು, ಬೆಲೆ ಎಷ್ಟು, ಗಾಣ ಎಷ್ಟು ದೂರ ಎಂಬುದನ್ನು ಸಸಿ ನೆಡುವ ಮೊದಲೇ ವಿಚಾರಿಸಬೇಕು.

ಬದುವಿನ ಹೊಂಗೆ ನೆರಳು, ಹಸಿರೆಲೆ ಗೊಬ್ಬರ, ಹಿಂಡಿ ಕೊಟ್ಟು ಮೇಲೆ ಎಣ್ಣೆಯನ್ನೂ ಕೊಡುತ್ತದೆ. ಎಣ್ಣೆಯ ಬೆಲೆ ಬಿದ್ದ ವರ್ಷವೂ ಉಳಿದ ಮೂರು ಕೈಗೆ ಸಿಗುತ್ತವೆ. ಇಂಧನ ಒಂದನ್ನೇ ನಂಬಿ ಇಡೀ ಹೊಲ ಒಪ್ಪಿಸಿದವನಿಗೆ ಈ ಆಸರೆ ಇರುವುದಿಲ್ಲ.