ರಾಮನಗರದ ಬಂಡೆಯಲ್ಲಿ ಬೈಜಿಕ ಪಾಠ: ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಆರು ಹಂತಗಳು

ವಿಕಿರಣವು ಅಣುಬಾಂಬು ಮತ್ತು ಅಣುವಿದ್ಯುತ್ ಸ್ಥಾವರಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ಸಾಮಾನ್ಯವಾಗಿದ್ದರೂ, ಕನಕಪುರದ ಕಡೆಯಿಂದ ರಾಮನಗರ, ಮಾಗಡಿಗಳ ಮೂಲಕ ಉತ್ತರಕ್ಕೆ ಸುಮಾರು 400 ಕಿ.ಮೀ. ಹಬ್ಬಿರುವ ಬಂಡೆಗಳ ಸಾಲಿನಲ್ಲಿ ಅದು ಸುಮಾರು 250 ಕೋಟಿ ವರ್ಷಗಳಿಂದ ಹೊಮ್ಮುತ್ತಲೇ ಇದೆ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಈ ಶಿಲೆಯಲ್ಲಿ, ಇತರ ಗ್ರಾನೈಟ್‌ಗಳಲ್ಲಿರುವಂತೆಯೇ, ಪೊಟ್ಯಾಸಿಯಂ ಹೇರಳವಾಗಿಯೂ ಯುರೇನಿಯಂ, ಥೋರಿಯಂಗಳು ಅತ್ಯಲ್ಪವಾಗಿಯೂ ಇವೆ; ಈ ವಿಕಿರಣದ ಮೂಲ ಇವೇ.

ಹಂತ 1: ಬೀಜಕೇಂದ್ರದ ರಚನೆ

ಪರಮಾಣುವಿನ ನಡುವಿನ ಬೀಜಕೇಂದ್ರದಲ್ಲಿ ಧನವಿದ್ಯುದಂಶವುಳ್ಳ ಪ್ರೋಟಾನ್‌ಗಳೂ ವಿದ್ಯುದಂಶವಿಲ್ಲದ ನ್ಯೂಟ್ರಾನ್‌ಗಳೂ ಇರುತ್ತವೆ. ಪ್ರೋಟಾನ್‌ಗಳ ಸಂಖ್ಯೆ ಧಾತು ಯಾವುದೆಂದು ನಿರ್ಧರಿಸಿದರೆ, ಎರಡರ ಮೊತ್ತವೇ ದ್ರವ್ಯರಾಶಿ ಸಂಖ್ಯೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳಲ್ಲಿ ಪ್ರೋಟಾನ್‌ಗಳಿಗೆ ಎರಡು ಕೆಂಪು, ನ್ಯೂಟ್ರಾನ್‌ಗಳಿಗೆ ಎರಡು ಹಳದಿ ಮಣಿಗಳನ್ನು ಅಂಟಿಸಿದರೆ ಹೀಲಿಯಂ ಬೀಜಕೇಂದ್ರದ ಮಾದರಿ ಸಿದ್ಧವಾಗುತ್ತದೆ.

ಹಂತ 2: ವಿಕಿರಣದ ಬಗೆಗಳು

ಅಸ್ಥಿರ ಬೀಜಕೇಂದ್ರವು ತಾನಾಗಿಯೇ ಕ್ಷಯಿಸುವಾಗ ಹೊಮ್ಮುವ ಹೀಲಿಯಂ ಬೀಜಕೇಂದ್ರವೇ ಆಲ್ಫಾ ಕಣ, ವೇಗದ ಎಲೆಕ್ಟ್ರಾನೇ ಬೀಟಾ ಕಣ, ಅಧಿಕ ಶಕ್ತಿಯ ವಿದ್ಯುತ್ಕಾಂತೀಯ ಅಲೆಯೇ ಗಾಮಾ ಕಿರಣ. ಆಲ್ಫಾವನ್ನು ಕಾಗದದ ಹಾಳೆಯೂ, ಬೀಟಾವನ್ನು ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ತಗಡೂ ತಡೆಯುತ್ತವೆ. ಗಾಮಾವನ್ನು ತಗ್ಗಿಸಲು ದಪ್ಪ ಸೀಸ ಅಥವಾ ಕಾಂಕ್ರೀಟ್ ಬೇಕಾಗುತ್ತದೆ.

ಹಂತ 3: ಸಮೀಕರಣವನ್ನು ಸರಿದೂಗಿಸುವುದು

ಯುರೇನಿಯಂ-238 ಆಲ್ಫಾ ಕಣವನ್ನು ಹೊರಹಾಕಿ ಥೋರಿಯಂ-234 ಆಗುವಾಗ ದ್ರವ್ಯರಾಶಿ ಸಂಖ್ಯೆ 238 = 234 + 4 ಎಂದೂ, ಪ್ರೋಟಾನ್ ಸಂಖ್ಯೆ 92 = 90 + 2 ಎಂದೂ ಎರಡೂ ಬದಿಗಳಲ್ಲಿ ಸಮವಾಗಿರಬೇಕು.

ಹಂತ 4: ಅರ್ಧಾಯುವಿನ ಲೆಕ್ಕ

ಬೀಜಕೇಂದ್ರಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲವೇ ಅರ್ಧಾಯು. 64 ನಾಣ್ಯಗಳನ್ನು ಎರಚಿ, ತಲೆ ಮೇಲಾಗಿ ಬಿದ್ದವನ್ನು ಪ್ರತಿ ಸಲವೂ ತೆಗೆಯುತ್ತ ಹೋದರೆ ಉಳಿಯುವ ಸಂಖ್ಯೆ ಸುಮಾರು 32, 16, 8 ಎಂದು ಇಳಿಯುತ್ತದೆ. ಪೊಟ್ಯಾಸಿಯಂನ ವಿಕಿರಣಶೀಲ ರೂಪವಾದ ಪೊಟ್ಯಾಸಿಯಂ-40ರ ಅರ್ಧಾಯು ಸುಮಾರು 125 ಕೋಟಿ ವರ್ಷವಾದ್ದರಿಂದ, ಕ್ಲೋಸ್‌ಪೇಟೆ ಗ್ರಾನೈಟ್ ರೂಪುಗೊಂಡ ಮೇಲೆ ಎರಡು ಅರ್ಧಾಯುಗಳು ಕಳೆದು, ಆಗಿದ್ದ ಪೊಟ್ಯಾಸಿಯಂ-40ರಲ್ಲಿ ಕಾಲುಭಾಗ ಮಾತ್ರ ಉಳಿದಿದೆ. ಅರ್ಧಾಯು ಸುಮಾರು 447 ಕೋಟಿ ವರ್ಷವಿರುವ ಯುರೇನಿಯಂ-238ರಲ್ಲಿ ಮೂರನೇ ಎರಡು ಭಾಗ ಇನ್ನೂ ಉಳಿದಿದೆ. ಯುರೇನಿಯಂ ಕೊನೆಗೆ ಸೀಸವಾಗುವುದರಿಂದ, ಶಿಲೆಯ ಜಿರ್ಕಾನ್ ಹರಳುಗಳಲ್ಲಿ ಇವೆರಡರ ಅನುಪಾತವನ್ನು ಅಳೆದು ಅದರ ವಯಸ್ಸನ್ನು ತಿಳಿಯಲಾಗುತ್ತದೆ.

ಹಂತ 5: ಕ್ಷಯ ಮತ್ತು ವಿದಳನದ ವ್ಯತ್ಯಾಸ

ಕ್ಷಯವು ತಾನಾಗಿ ನಡೆದರೆ, ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಬಡಿದು ಯುರೇನಿಯಂ-235 ಬೀಜಕೇಂದ್ರವು ಎರಡಾಗಿ ಒಡೆಯುವುದೇ ವಿದಳನ. ಆಗ ಹೊರಬರುವ ಎರಡು-ಮೂರು ನ್ಯೂಟ್ರಾನ್‌ಗಳು ಇತರ ಬೀಜಕೇಂದ್ರಗಳನ್ನು ಒಡೆಯುವುದರಿಂದ ಸರಪಳಿ ಕ್ರಿಯೆ ಮುಂದುವರಿಯುತ್ತದೆ. ಉತ್ತರ ಕನ್ನಡದ ಕೈಗಾದಲ್ಲಿರುವ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಭಾರಜಲದಿಂದ ನ್ಯೂಟ್ರಾನ್‌ಗಳ ವೇಗವನ್ನು ತಗ್ಗಿಸಿ, ಈ ಕ್ರಿಯೆಯನ್ನು ಹತೋಟಿಯಲ್ಲಿಟ್ಟು ವಿದ್ಯುತ್ ಉತ್ಪಾದಿಸುತ್ತವೆ. ಯುರೇನಿಯಂ-235 ತೀರ ವಿರಳವಾಗಿ ಚದುರಿರುವ ಬಂಡೆಯಲ್ಲಿ ಇಂಥ ಸರಪಳಿ ಕ್ರಿಯೆ ನಡೆಯಲಾರದು.

ಹಂತ 6: ಪ್ರಮಾಣವನ್ನರಿತು ಎಚ್ಚರ ವಹಿಸುವುದು

ದೇಹದ ಮೇಲೆ ವಿಕಿರಣ ಬೀರುವ ಪರಿಣಾಮವನ್ನು ಸೀವರ್ಟ್ ಮಾನದಲ್ಲಿ ಅಳೆಯಲಾಗುತ್ತದೆ. ನೈಸರ್ಗಿಕ ಮೂಲಗಳಿಂದ ಒಬ್ಬ ವ್ಯಕ್ತಿಗೆ ತಗಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಇದರ ದೊಡ್ಡ ಪಾಲು ಯುರೇನಿಯಂ ಸರಣಿಯಲ್ಲಿ ಹುಟ್ಟುವ ರೇಡಾನ್ ಅನಿಲದ್ದಾಗಿದ್ದು, ಮುಚ್ಚಿದ ಕೋಣೆಗಳಲ್ಲಿ ಅದು ಶೇಖರವಾಗಬಲ್ಲದು. ರಾಮನಗರದ ಬೆಟ್ಟ ಹತ್ತಲು ಹೆದರಬೇಕಾದ ಕಾರಣವೇನೂ ಇಲ್ಲ. ಆದರೆ ಗ್ರಾನೈಟ್ ನೆಲದ ಮೇಲಿನ ಮನೆಗಳಲ್ಲಿ ಕಿಟಕಿಗಳನ್ನು ದಿನವೂ ತೆರೆದು ಗಾಳಿಯಾಡಲು ಬಿಡುವುದು ಒಳಿತು.